ಅಂಚು ನುಂಗುವ ಟಿವಿ: ಡಿಜಿಟಲ್ ಪರದೆಯಲ್ಲೂ ಉಳಿದುಕೊಂಡ ಓವರ್‌ಸ್ಕ್ಯಾನ್

ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ ಹಾಕಿ ಮನೆಯ ಟಿವಿಗೆ ಜೋಡಿಸಿದಾಗ ಕೆಳಗಿನ ಟಾಸ್ಕ್‌ಬಾರ್ ಅರ್ಧವಷ್ಟೇ ಕಾಣುವುದು, ಬಲ ಮೇಲ್ಮೂಲೆಯಲ್ಲಿ ಇರಬೇಕಾದ ಮುಚ್ಚುವ ಗುರುತು ಚೌಕಟ್ಟಿನಾಚೆ ಹೋಗಿರುವುದು, ಅಕ್ಷರಗಳೆಲ್ಲ ತುಸು ಮಸುಕಾಗಿ ಕಾಣುವುದು ಹಲವರ ಅನುಭವಕ್ಕೆ ಬಂದಿರುವ ಸಂಗತಿ. ಮೊದಲು ಕೇಬಲ್ಲಿನ ಮೇಲೆ ಅನುಮಾನ ಹುಟ್ಟುತ್ತದೆ, ಆಮೇಲೆ ಲ್ಯಾಪ್‌ಟಾಪಿನ ಮೇಲೆ. ಸಾಮಾನ್ಯವಾಗಿ ಎರಡರದ್ದೂ ತಪ್ಪಿರುವುದಿಲ್ಲ. ಲ್ಯಾಪ್‌ಟಾಪ್ 1920×1080 ಪಿಕ್ಸೆಲ್‌ಗಳ ಪೂರ್ಣ ಚಿತ್ರವನ್ನು ಕಳುಹಿಸಿರುತ್ತದೆ, ಕೇಬಲ್ ಅದನ್ನು ಇದ್ದಂತೆಯೇ ತಲುಪಿಸಿರುತ್ತದೆ, ಟಿವಿಯ ಪ್ಯಾನೆಲ್ಲಿನಲ್ಲೂ ಸರಿಯಾಗಿ ಅಷ್ಟೇ ಪಿಕ್ಸೆಲ್‌ಗಳಿರುತ್ತವೆ. ಇಷ್ಟೆಲ್ಲ ಹೊಂದಿಕೊಂಡಿದ್ದರೂ ಟಿವಿ ತನ್ನಷ್ಟಕ್ಕೆ ತಾನೇ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ನಾಲ್ಕೂ ಅಂಚುಗಳನ್ನು ಹೊರಕ್ಕೆ ತಳ್ಳಿ, ಉಳಿದ ನಡುಭಾಗವನ್ನಷ್ಟೇ ಪರದೆಯ ತುಂಬ ಹರಡಿ ತೋರಿಸುತ್ತದೆ. ಈ ಕ್ರಿಯೆಗೆ ಓವರ್‌ಸ್ಕ್ಯಾನ್ ಎಂದು ಹೆಸರು.

ಲ್ಯಾಪ್‌ಟಾಪ್ ಜೋಡಿಸಿದವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಟಾಸ್ಕ್‌ಬಾರ್ ಎಲ್ಲಿರಬೇಕೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಆದರೆ ಸೆಟ್ ಟಾಪ್ ಬಾಕ್ಸ್ ಹಾಕಿ ಧಾರಾವಾಹಿಯನ್ನೋ ಕ್ರಿಕೆಟ್ಟನ್ನೋ ನೋಡುತ್ತಿರುವವರ ಟಿವಿಯಲ್ಲೂ ಇದೇ ನಡೆಯುತ್ತಿರಬಹುದು. ಕ್ಯಾಮೆರಾ ಹಿಡಿದ ಚೌಕಟ್ಟು ಎಲ್ಲಿಗೆ ಮುಗಿಯುತ್ತದೆಂದು ಅವರಿಗೆ ತಿಳಿಯುವ ದಾರಿಯೇ ಇಲ್ಲವಾದ್ದರಿಂದ ಚಿತ್ರ ಕತ್ತರಿಸಿಹೋಗಿದೆ ಎಂಬ ಅನುಮಾನವೂ ಹುಟ್ಟುವುದಿಲ್ಲ. ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಓವರ್‌ಸ್ಕ್ಯಾನ್ ಇಷ್ಟು ವರ್ಷ ಬದುಕಿ ಉಳಿದದ್ದರ ಗುಟ್ಟು ಬಹುಮಟ್ಟಿಗೆ ಇದರಲ್ಲೇ ಅಡಗಿದೆ.

ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಓವರ್‌ಸ್ಕ್ಯಾನ್ ಅನಿವಾರ್ಯವಾಗಿತ್ತು, ಮತ್ತು ಅದರ ಹಿಂದಿನ ಯೋಚನೆ ಜಾಣತನದ್ದೇ ಆಗಿತ್ತು. ಆ ಟಿವಿಗಳಲ್ಲಿ ಪಿಕ್ಸೆಲ್ ಎಂಬುದೇ ಇರಲಿಲ್ಲ. ಟ್ಯೂಬಿನ ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳ ಕಿರಣವನ್ನು ಸುರುಳಿಗಳ ಕಾಂತಕ್ಷೇತ್ರ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸುತ್ತಿತ್ತು. ಕಿರಣ ತಾಗಿದಲ್ಲಿ ಗಾಜಿನ ಒಳಮೈಯ ಫಾಸ್ಫರ್ ಲೇಪ ಹೊಳೆಯುತ್ತಿತ್ತು. ಚಿತ್ರ ಎಷ್ಟು ಅಗಲ, ಎಷ್ಟು ಎತ್ತರ ಇರಬೇಕೆಂಬುದನ್ನು ನಿರ್ಧರಿಸುತ್ತಿದ್ದದ್ದು ಆ ಸುರುಳಿಗಳಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣ ಮತ್ತು ಟ್ಯೂಬಿಗೆ ಕೊಟ್ಟ ಅಧಿಕ ವೋಲ್ಟೇಜ್. ಬಣ್ಣದ ಟ್ಯೂಬಿನಲ್ಲಿ ಇದು 25,000 ವೋಲ್ಟಿನ ಆಸುಪಾಸಿನಲ್ಲಿರುತ್ತಿತ್ತು. ಇವೆರಡರಲ್ಲಿ ಯಾವುದು ಏರುಪೇರಾದರೂ ಚಿತ್ರದ ಅಳತೆ ಬದಲಾಗುತ್ತಿತ್ತು. ಪರದೆಯ ಮೇಲೆ ತುಂಬ ಬೆಳಕಿನ ದೃಶ್ಯ ಬಂದಾಗ ಕಿರಣ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಅಧಿಕ ವೋಲ್ಟೇಜ್ ಕೊಂಚ ಕುಸಿಯುತ್ತಿತ್ತು. ಆಗ ಎಲೆಕ್ಟ್ರಾನುಗಳ ವೇಗ ತಗ್ಗಿ, ಅವು ಅದೇ ಕಾಂತಕ್ಷೇತ್ರಕ್ಕೆ ಇನ್ನಷ್ಟು ಬಾಗಿ, ಚಿತ್ರ ಹಿಗ್ಗುತ್ತಿತ್ತು. ಅಗ್ಗದ ಟಿವಿಗಳಲ್ಲಿ ದೃಶ್ಯ ಬದಲಾದಂತೆಲ್ಲ ಚಿತ್ರ ಉಸಿರಾಡುತ್ತಿರುವಂತೆ ಕಾಣುತ್ತಿದ್ದದ್ದು ಇದರಿಂದಲೇ. ಇದಕ್ಕೆ ವಿರುದ್ಧವಾದದ್ದನ್ನು ನಮ್ಮ ಹಳ್ಳಿಗಳವರು ಚೆನ್ನಾಗಿ ಬಲ್ಲರು. ಸಂಜೆ ಕರೆಂಟಿನ ವೋಲ್ಟೇಜ್ ಇಳಿದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಸುತ್ತ ಕಪ್ಪು ಅಂಚು ಮೂಡುತ್ತಿತ್ತು. ಟಿವಿಯ ಜೊತೆಗೆ ಸ್ಟೆಬಿಲೈಸರನ್ನೂ ಕೊಳ್ಳುವುದು ಆಗ ವಾಡಿಕೆಯಾಗಿದ್ದದ್ದು ಸುಮ್ಮನೆ ಅಲ್ಲ. ಇದರ ಜೊತೆಗೆ ಬಿಡಿಭಾಗಗಳು ಹಳತಾಗುವುದು, ಬಿಸಿಯಾಗುವುದು, ಕಾರ್ಖಾನೆಯ ಹೊಂದಾಣಿಕೆಯಲ್ಲೇ ಒಂದು ಟಿವಿಗೂ ಇನ್ನೊಂದಕ್ಕೂ ಅಂತರವಿರುವುದು, ಎಲ್ಲವೂ ಸೇರಿಕೊಳ್ಳುತ್ತಿದ್ದವು.

ಇಂಥ ಅಸ್ಥಿರ ಚಿತ್ರವನ್ನು ಗಾಜಿನ ಅಂಚಿಗೆ ಸರಿಯಾಗಿ ಕೂರಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ತಯಾರಕರು ಚಿತ್ರವನ್ನು ಗಾಜಿಗಿಂತ ದೊಡ್ಡದಾಗಿಯೇ ಬರೆಯುವಂತೆ ಹೊಂದಿಸಿಟ್ಟರು. ಕುಗ್ಗಿದರೂ ಅದು ಪರದೆಯ ತುಂಬ ಇರುತ್ತಿತ್ತು. ಹಿಗ್ಗಿದರೆ ಹೊರಗೆ ಚೆಲ್ಲಿದ ಭಾಗ ಯಾರಿಗೂ ಕಾಣುತ್ತಿರಲಿಲ್ಲ. ಟ್ಯೂಬಿನ ಮೂಲೆಗಳು ದುಂಡಾಗಿದ್ದದ್ದರಿಂದ ಮೂಲೆಯ ಚಿತ್ರವಂತೂ ಹೇಗಿದ್ದರೂ ನಷ್ಟವೇ. ಕಾರ್ಯಕ್ರಮ ಮಾಡುವವರು ಇದನ್ನು ತಿಳಿದೇ ಕೆಲಸ ಮಾಡಿದರು. ದರ್ಜಿ ಹೊಲಿಗೆಗೆಂದು ಬಟ್ಟೆಯ ಅಂಚು ಬಿಡುವಂತೆ ಅವರು ಚೌಕಟ್ಟಿನ ಸುತ್ತ ಒಂದಿಷ್ಟು ಜಾಗವನ್ನು ಕಳೆದುಹೋಗಲೆಂದೇ ಬಿಡುತ್ತಿದ್ದರು. ಮುಖ್ಯ ಚಲನವಲನ ಚಿತ್ರದ ಅಗಲ ಮತ್ತು ಎತ್ತರದ ಶೇ. 90ರೊಳಗೆ, ಅಕ್ಷರಗಳು ಶೇ. 80ರೊಳಗೆ ಇರಬೇಕೆಂಬುದು ದಶಕಗಳ ಕಾಲ ಸ್ಟುಡಿಯೋಗಳ ಅಲಿಖಿತವಲ್ಲದ, ಲಿಖಿತ ನಿಯಮವೇ ಆಗಿತ್ತು. ಸಂಪಾದನಾ ತಂತ್ರಾಂಶಗಳಲ್ಲಿ ಇಂದಿಗೂ ಕಾಣುವ ಒಂದರೊಳಗೊಂದು ಎರಡು ಚೌಕಗಳು ಈ ನಿಯಮದ ಗುರುತುಗಳು.

ಎಲ್‌ಸಿಡಿ, ಪ್ಲಾಸ್ಮಾ, ಈಗಿನ ಒಎಲ್‌ಇಡಿ ಪರದೆಗಳು ಬಂದಾಗ ಈ ಕಾರಣಗಳೆಲ್ಲ ಒಂದೇ ಏಟಿಗೆ ಇಲ್ಲವಾದವು. ಪ್ಯಾನೆಲ್ಲಿನಲ್ಲಿ ಪಿಕ್ಸೆಲ್‌ಗಳು ಕಾರ್ಖಾನೆಯಲ್ಲೇ ಕೆತ್ತಿಟ್ಟಂತೆ ನಿಂತಿರುತ್ತವೆ. ವೋಲ್ಟೇಜ್ ಇಳಿದರೆ ಟಿವಿ ಆರಿಹೋಗಬಹುದೇ ಹೊರತು ಚಿತ್ರ ಕುಗ್ಗುವುದಿಲ್ಲ. ಬಂದ ಸಂಕೇತದ ಮೊದಲ ಪಿಕ್ಸೆಲ್ ಪ್ಯಾನೆಲ್ಲಿನ ಮೊದಲ ಪಿಕ್ಸೆಲ್ಲಿಗೆ, ಕೊನೆಯದು ಕೊನೆಯದಕ್ಕೆ ಹೋದರೆ ಕೆಲಸ ಮುಗಿಯಿತು. ಹೀಗಿರುವಾಗ ಓವರ್‌ಸ್ಕ್ಯಾನ್ ಮಾಡಬೇಕೆಂದರೆ ಅದನ್ನು ಉದ್ದೇಶಪೂರ್ವಕವಾಗಿ ಲೆಕ್ಕ ಹಾಕಿಯೇ ಮಾಡಬೇಕಾಗುತ್ತದೆ. ಟ್ಯೂಬಿನಲ್ಲಿ ಅದು ಯಂತ್ರದ ಸ್ವಭಾವಕ್ಕೆ ಕೊಟ್ಟ ರಿಯಾಯಿತಿಯಾಗಿತ್ತು. ಪ್ಯಾನೆಲ್ಲಿನಲ್ಲಿ ಅದು ತಂತ್ರಾಂಶ ಬರೆದವರ ತೀರ್ಮಾನ.

ಆ ತೀರ್ಮಾನದ ಬೆಲೆಯನ್ನು ಲೆಕ್ಕ ಹಾಕಬಹುದು. ಪ್ರತಿ ಅಂಚಿನಿಂದ ಶೇ. 2.5ರಷ್ಟು ಕತ್ತರಿಸುವ ಟಿವಿಯನ್ನು ತೆಗೆದುಕೊಳ್ಳೋಣ. ಇದೇನೂ ಅತಿರೇಕದ ಪ್ರಮಾಣವಲ್ಲ. 1920×1080ರ ಚಿತ್ರದಲ್ಲಿ ಎಡಬಲಗಳಿಂದ 48 ಪಿಕ್ಸೆಲ್‌ಗಳಂತೆ, ಮೇಲೆ ಕೆಳಗೆ 27 ಗೆರೆಗಳಂತೆ ಹೋಗಿ 1824×1026 ಮಾತ್ರ ಉಳಿಯುತ್ತದೆ. ಅಂಚಿನಲ್ಲಿ ಶೇ. 2.5 ಎಂದರೆ ಕೇಳಲು ಅಲ್ಪವೆನಿಸುತ್ತದೆ, ಆದರೆ ಒಟ್ಟು ಚಿತ್ರದ ವಿಸ್ತೀರ್ಣದಲ್ಲಿ ಶೇ. 9.75, ಅಂದರೆ ಎರಡು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳು ಇಲ್ಲವಾಗುತ್ತವೆ. ಇದರ ನಾಲ್ಕು ಪಟ್ಟು ಪಿಕ್ಸೆಲ್‌ಗಳಿರುವ 4ಕೆ ಟಿವಿ ಇದನ್ನೇ ಮಾಡಿದರೆ ಎಂಟು ಲಕ್ಷಕ್ಕೂ ಹೆಚ್ಚು ಹೋಗುತ್ತವೆ. ಹೆಚ್ಚು ಪಿಕ್ಸೆಲ್‌ಗಳಿವೆ ಎಂದು ಹೆಚ್ಚು ಹಣ ತೆತ್ತು ಕೊಂಡ ಟಿವಿ ಅವುಗಳಲ್ಲಿ ಹತ್ತನೆಯ ಒಂದು ಭಾಗದಷ್ಟು ಚಿತ್ರವನ್ನು ಎಸೆಯುವುದು ವಿಪರ್ಯಾಸವೇ ಸರಿ.

ಎಸೆದ ಅಂಚಿಗಿಂತ ಉಳಿದ ಭಾಗಕ್ಕೆ ಆಗುವ ಹಾನಿ ಹೆಚ್ಚು ಸೂಕ್ಷ್ಮವಾದದ್ದು. 1824 ಪಿಕ್ಸೆಲ್‌ಗಳನ್ನು 1920ಕ್ಕೆ ಹರಡಬೇಕೆಂದರೆ ಮೂಲದ ಪ್ರತಿ 19 ಪಿಕ್ಸೆಲ್‌ಗಳನ್ನು ಪ್ಯಾನೆಲ್ಲಿನ 20 ಪಿಕ್ಸೆಲ್‌ಗಳಿಗೆ ಹಂಚಬೇಕು. ಹೆಚ್ಚಿನೆಡೆ ಯಾವ ಪಿಕ್ಸೆಲ್ಲೂ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಿಲ್ಲ. ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಬಣ್ಣ ಬೆರೆಸಿ ಮೂರನೆಯದೊಂದನ್ನು ಹುಟ್ಟಿಸಬೇಕಾಗುತ್ತದೆ. ಒಂದೇ ಪಿಕ್ಸೆಲ್ ದಪ್ಪದ ಕಪ್ಪು ಗೆರೆ ಕೆಲವೆಡೆ ಕಪ್ಪಾಗಿಯೇ ಉಳಿದು, ಕೆಲವೆಡೆ ಎರಡು ಬೂದು ಗೆರೆಗಳಾಗಿ ಒಡೆಯುತ್ತದೆ. ಸಣ್ಣ ಅಕ್ಷರಗಳು ಒಂದೇ ಸಾಲಿನಲ್ಲಿ ಒಮ್ಮೆ ಚೂಪಾಗಿ, ಒಮ್ಮೆ ಮಂಜಾಗಿ ಕಾಣುವುದು ಇದರಿಂದ. ಸಿನಿಮಾ, ಧಾರಾವಾಹಿ ನೋಡುವವರಿಗೆ ಈ ಮಂಜು ಅಷ್ಟಾಗಿ ತಿಳಿಯದು ಎಂಬುದನ್ನು ಒಪ್ಪಬೇಕು. ಪ್ರಸಾರದ ಚಿತ್ರ ಮೊದಲೇ ಸಂಕುಚಿತಗೊಂಡು (ಕಂಪ್ರೆಸ್ ಆಗಿ) ಬಂದಿರುತ್ತದೆ, ಚಲಿಸುತ್ತಲೂ ಇರುತ್ತದೆ. ಓದಬೇಕಾದ ಪಠ್ಯ, ಎಕ್ಸೆಲ್ ಹಾಳೆ, ನಕ್ಷೆ, ಗೇಮಿನ ಮೂಲೆಯಲ್ಲಿರುವ ಅಂಕಗಳು ಇವುಗಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಅಗಲ ಪರದೆಯ ಸಿನಿಮಾಗಳಲ್ಲಿ ಒಂದು ತಮಾಷೆಯೂ ಇದೆ: ಮೇಲೆ ಕೆಳಗೆ ಕಪ್ಪು ಪಟ್ಟಿಗಳೇ ಇರುವುದರಿಂದ ಅಲ್ಲಿ ಓವರ್‌ಸ್ಕ್ಯಾನ್ ನುಂಗುವುದು ಬರಿಯ ಕಪ್ಪನ್ನು, ಆದರೆ ಎಡಬಲಗಳಲ್ಲಿ ಛಾಯಾಗ್ರಾಹಕ ಅಳೆದು ಕೂರಿಸಿದ ಚೌಕಟ್ಟನ್ನೇ.

ಹಾಗಾದರೆ ಇದನ್ನು ಏಕೆ ಬಿಟ್ಟಿಲ್ಲ? ತಯಾರಕರ ಕಡೆಯಿಂದ ಹೇಳಬಹುದಾದ ಒಂದು ನಿಜವಾದ ಕಾರಣವಿದೆ. ಪ್ರಸಾರದ ಚಿತ್ರದ ಅಂಚುಗಳು ಯಾವಾಗಲೂ ಶುಭ್ರವಾಗಿರುವುದಿಲ್ಲ. ಟ್ಯೂಬಿನ ಕಾಲದಲ್ಲಿ ಅಂಚು ಹೇಗೂ ಕಾಣುವುದಿಲ್ಲವೆಂಬ ಭರವಸೆಯಲ್ಲಿ ಅಲ್ಲಿ ಕಸ ಸೇರಿಕೊಂಡಿತು, ಮತ್ತು ಆ ಕಸ ಹಳೆಯ ರೆಕಾರ್ಡಿಂಗ್‌ಗಳ ಜೊತೆಗೇ ಡಿಜಿಟಲ್ ಯುಗಕ್ಕೂ ದಾಟಿ ಬಂದಿತು. ಭಾರತ ಅನುಸರಿಸಿದ 625 ಗೆರೆಗಳ ಪಾಲ್ ಪದ್ಧತಿಯಲ್ಲಿ ಚಿತ್ರ ಹೊತ್ತ ಗೆರೆಗಳು ಸುಮಾರು 575 ಮಾತ್ರ. ಉಳಿದವು ಕಿರಣ ಮತ್ತೆ ಮೇಲಕ್ಕೆ ಮರಳುವ ಸಮಯಕ್ಕೆ ಮೀಸಲು. ಆ ಖಾಲಿ ಗೆರೆಗಳಲ್ಲಿ ಬಗೆಬಗೆಯ ಸಂಕೇತಗಳನ್ನು ತುರುಕಲಾಗುತ್ತಿತ್ತು. ಯುರೋಪಿನ ಪ್ರಸಾರಗಳಲ್ಲಿ ಚಿತ್ರದ ಆಕಾರ ತಿಳಿಸುವ ಸಂಕೇತ 23ನೆಯ ಗೆರೆಯ ಮೊದಲರ್ಧದಲ್ಲಿ, ಅಂದರೆ ಚಿತ್ರದ ತೀರಾ ಮೇಲಂಚಿನಲ್ಲೇ ಕೂತಿರುತ್ತಿತ್ತು. ಅಮೆರಿಕದಲ್ಲಿ ಅಡಿಬರಹದ ಸಂಕೇತ 21ನೆಯ ಗೆರೆಯಲ್ಲಿ. ಅಂಚು ಕತ್ತರಿಸದ ಪರದೆಯಲ್ಲಿ ಇವು ಮೇಲ್ಗಡೆ ಮಿನುಗುವ ಬಿಳಿ ಚುಕ್ಕಿಗೆರೆಗಳಾಗಿ ಕಾಣಿಸಿಕೊಳ್ಳುತ್ತವೆ. ಡಿಜಿಟಲ್ ಎಸ್‌ಡಿ (ಎಚ್‌ಡಿಗೆ ಹಿಂದಿನ ಸಾಧಾರಣ ಸ್ಪಷ್ಟತೆಯ) ಚಿತ್ರದ ಅಗಲ 720 ಪಿಕ್ಸೆಲ್ ಎಂದಾದರೂ ಪಾಲ್ ಸಂಕೇತದ ನಿಜವಾದ ಚಿತ್ರ 702 ಪಿಕ್ಸೆಲ್‌ಗಳಷ್ಟೇ ಆಗುತ್ತಿದ್ದುದರಿಂದ ಎಡಬಲಗಳಲ್ಲಿ ತೆಳುವಾದ ಕಪ್ಪು ಅಂಚುಗಳು ಉಳಿದವು. ವಿಎಚ್‌ಎಸ್ ಟೇಪಿನಿಂದ ತೆಗೆದ ಹಳೆಯ ದೃಶ್ಯಗಳಲ್ಲಿ ಟೇಪನ್ನು ಓದುವ ಎರಡು ಹೆಡ್‌ಗಳು ಅದಲುಬದಲಾಗುವ ಜಾಗ ಚಿತ್ರದ ತಳದಲ್ಲಿ ಚದುರಿದ ಗೆರೆಗಳಾಗಿ ಕಾಣುತ್ತದೆ. ಹಳೆಯ ಪಂದ್ಯಗಳ ತುಣುಕುಗಳನ್ನು ಪೂರ್ಣ ಅಂಚಿನ ಪರದೆಯಲ್ಲಿ ನೋಡಿದವರು ಇದನ್ನು ಗುರುತಿಸಿಯಾರು.

ಈಗ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟ ಎರಡು ಟಿವಿಗಳನ್ನು ಊಹಿಸಿಕೊಳ್ಳಿ. ಒಂದು ಪೂರ್ಣ ಚಿತ್ರವನ್ನು, ಅದರ ಜೊತೆಗೆ ಅಂಚಿನ ಕಸವನ್ನೂ ತೋರಿಸುತ್ತದೆ. ಇನ್ನೊಂದು ಎರಡನ್ನೂ ಕತ್ತರಿಸುತ್ತದೆ. ಮೇಲಂಚಿನಲ್ಲಿ ಬಿಳಿ ಚುಕ್ಕಿಗಳು ಓಡುತ್ತಿರುವ ಟಿವಿಯನ್ನು ಗಿರಾಕಿ ಕೆಟ್ಟಿದೆ ಎಂದೇ ಭಾವಿಸುತ್ತಾನೆ, ಮನೆಗೆ ಒಯ್ದಿದ್ದರೆ ಸರ್ವಿಸಿನವರಿಗೆ ಫೋನ್ ಮಾಡುತ್ತಾನೆ. ಚಿತ್ರದ ಹತ್ತನೆಯ ಒಂದು ಭಾಗವನ್ನು ನುಂಗಿದ ಟಿವಿಯ ಬಗ್ಗೆ ಯಾರೂ ದೂರುವುದಿಲ್ಲ, ಏಕೆಂದರೆ ಹೋದದ್ದು ಏನೆಂದು ಯಾರಿಗೂ ಗೊತ್ತಿಲ್ಲ. ಕಾಣುವ ಸಣ್ಣ ದೋಷ ತಯಾರಕರಿಗೆ ದುಬಾರಿ, ಕಾಣದ ದೊಡ್ಡ ನಷ್ಟ ಅಗ್ಗ. ಓವರ್‌ಸ್ಕ್ಯಾನನ್ನು ಹಳೆಯ ಚಾಳಿ, ಎಂಜಿನಿಯರುಗಳ ಉದಾಸೀನ ಎಂದೆಲ್ಲ ಬಯ್ಯುವುದು ಸುಲಭ. ನನ್ನ ದೃಷ್ಟಿಯಲ್ಲಿ ಅದು ಉದಾಸೀನಕ್ಕಿಂತ ಹೆಚ್ಚಾಗಿ ಈ ಲೆಕ್ಕಾಚಾರದ ಫಲ.

ಇನ್ನೊಂದು ತೊಡಕೆಂದರೆ ಸರಪಳಿಯ ಪ್ರತಿ ಕೊಂಡಿಯೂ ಮುಂದಿನದನ್ನು ನಂಬದಿರುವುದು. ಕೆಲವು ಟಿವಿಗಳು ಅಂಚು ಕತ್ತರಿಸುತ್ತವೆಂದು ವಾಹಿನಿಯವರು ಅಂಚಿನಲ್ಲಿ ಮುಖ್ಯವಾದದ್ದೇನನ್ನೂ ಇಡುವುದಿಲ್ಲ. ಅಂಚಿನಲ್ಲಿ ಮುಖ್ಯವಾದದ್ದೇನೂ ಇಲ್ಲವೆಂದು ಟಿವಿಯವರು ಅದನ್ನು ಕತ್ತರಿಸುತ್ತಾರೆ. ಒಬ್ಬರ ಎಚ್ಚರಿಕೆ ಇನ್ನೊಬ್ಬರಿಗೆ ಸಮರ್ಥನೆಯಾಗುತ್ತದೆ. ಅಗಲ ಪರದೆಯ ಕಾಲಕ್ಕೆ ತಕ್ಕಂತೆ ಪ್ರಸಾರ ಲೋಕ ತನ್ನ ನಿಯಮವನ್ನು ಸಡಿಲಿಸಿದ್ದೇನೋ ಹೌದು. ಅಮೆರಿಕದ ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಘವಾದ ಎಸ್‌ಎಂಪಿಟಿಇ 2009ರ ತನ್ನ ಮಾನಕದಲ್ಲಿ ಚಲನವಲನಕ್ಕೆ ಶೇ. 93, ಅಕ್ಷರಗಳಿಗೆ ಶೇ. 90 ಎಂದು ಎಲ್ಲೆಯನ್ನು ಹೊರಕ್ಕೆ ಸರಿಸಿತು. ಯುರೋಪಿನ ಪ್ರಸಾರ ಒಕ್ಕೂಟದ ಶಿಫಾರಸಿನಲ್ಲಿಯೂ ಪ್ರತಿ ಅಂಚಿನಿಂದ ಶೇ. 3.5 ಮತ್ತು ಶೇ. 5 ಎಂದು ಇದೇ ಅಳತೆಗಳಿವೆ. ಗಮನಿಸಬೇಕಾದದ್ದೇನೆಂದರೆ, ಎಲ್ಲೆ ಸಡಿಲವಾಯಿತೇ ಹೊರತು ಅಳಿಯಲಿಲ್ಲ.

ಈ ಎಲ್ಲೆಯನ್ನು ಮೀರಿದರೆ ಏನಾಗುತ್ತದೆಂಬುದಕ್ಕೆ ಸುದ್ದಿ ವಾಹಿನಿಗಳ ಕೆಳಗಿನ ಸ್ಕ್ರೋಲ್ ಒಳ್ಳೆಯ ಉದಾಹರಣೆ, ಮತ್ತು ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ಕಷ್ಟವಿದೆ. 1080 ಗೆರೆಗಳ ಚಿತ್ರದಲ್ಲಿ 60 ಗೆರೆ ಎತ್ತರದ ಪಟ್ಟಿಯೊಂದನ್ನು ತೀರಾ ತಳದಂಚಿಗೆ ಅಂಟಿಸಿದರೆ, ಮೇಲೆ ಹೇಳಿದ ಟಿವಿಯಲ್ಲಿ ಅದರ 27 ಗೆರೆಗಳು, ಅಂದರೆ ಹೆಚ್ಚುಕಡಿಮೆ ಅರ್ಧ, ಮುಳುಗುತ್ತವೆ. ಪಟ್ಟಿಯನ್ನು ಇಂಗ್ಲಿಷಿಗೆಂದು ಮಾಡಿದ ಅಳತೆಯಲ್ಲಿ ಕೂರಿಸಿದರೆ ಕನ್ನಡಕ್ಕೆ ಅದು ಸಾಲದು. ರೋಮನ್ ಲಿಪಿಯಲ್ಲಿ ಕೆಲವೇ ಅಕ್ಷರಗಳ ಬಾಲ ಸಾಲಿನ ಕೆಳಗಿಳಿಯುತ್ತದೆ, ಅದು ಹೋದರೂ ಓದು ಸಾಗುತ್ತದೆ. ನಮ್ಮಲ್ಲಿ ಒತ್ತಕ್ಷರಗಳು ಪೂರ್ಣವಾಗಿ ಸಾಲಿನ ಕೆಳಗೇ ತೂಗುತ್ತವೆ. ಅವುಗಳ ಕೆಳಗೆ ಒಂದಿಷ್ಟು ಖಾಲಿ ಜಾಗ ಇಲ್ಲದೆ ಹೋದರೆ ಮೊದಲು ಬಲಿಯಾಗುವುದು ಅವೇ. ಒತ್ತು ಹೋದ ಹಳ್ಳಿ ಹಳಿಯಾಗುತ್ತದೆ. ಗ್ರಾಫಿಕ್ಸ್ ಮಾಡುವವರ ಮಾನಿಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ, ನೋಡುಗರ ಮನೆಯಲ್ಲಿ ಏನಾಗುತ್ತಿದೆ ಎಂಬುದು ಅವರ ಗಮನಕ್ಕೆ ಬರುವುದೇ ಇಲ್ಲ.

ಎಚ್‌ಡಿಎಂಐ ಈ ಗೋಜಲನ್ನು ಬಿಡಿಸಬಹುದಿತ್ತು. 2002ರ ಕೊನೆಯಲ್ಲಿ ಮೊದಲ ಆವೃತ್ತಿ ಹೊರಬಂದ ಈ ಸಂಪರ್ಕದಲ್ಲಿ ಚಿತ್ರದ ಜೊತೆಗೆ ಚಿತ್ರದ ಬಗೆಗಿನ ಮಾಹಿತಿಯ ಪುಟ್ಟ ಪೊಟ್ಟಣವೂ ಹೋಗುತ್ತದೆ. ಅದರ ವಿವರಗಳನ್ನು ನಿಗದಿಪಡಿಸುವುದು ಅಮೆರಿಕದ ಗ್ರಾಹಕ ಎಲೆಕ್ಟ್ರಾನಿಕ್ಸ್ ಉದ್ಯಮದ 861 ಎಂಬ ಮಾನಕ. ಆ ಪೊಟ್ಟಣದಲ್ಲಿ ಎರಡು ಬಿಟ್‌ಗಳು ಈ ಕೆಲಸಕ್ಕೆಂದೇ ಇವೆ: ಈ ಚಿತ್ರದ ಅಂಚು ಕತ್ತರಿಸಬಹುದು, ಈ ಚಿತ್ರವನ್ನು ಪೂರ್ತಿಯಾಗಿ ತೋರಿಸಬೇಕು, ಅಥವಾ ಏನನ್ನೂ ಹೇಳುತ್ತಿಲ್ಲ. ಅತ್ತ ಟಿವಿಯೂ ತಾನು ಯಾವ ಬಗೆಯ ಚಿತ್ರವನ್ನು ಕತ್ತರಿಸುತ್ತೇನೆ, ಯಾವುದನ್ನು ಇಲ್ಲ ಎಂಬುದನ್ನು ಮೂಲ ಸಾಧನಕ್ಕೆ ತಿಳಿಸಲು ವ್ಯವಸ್ಥೆಯಿದೆ. ಎರಡೂ ಕಡೆಯವರು ಪ್ರಾಮಾಣಿಕವಾಗಿ ಮಾತಾಡಿಕೊಂಡಿದ್ದರೆ ಬಳಕೆದಾರರ ತನಕ ಈ ತಲೆನೋವು ಬರಬೇಕಾಗಿಯೇ ಇರಲಿಲ್ಲ. ಆದರೆ ಅನೇಕ ಸಾಧನಗಳು ಏನನ್ನೂ ಹೇಳದ ಆಯ್ಕೆಯನ್ನೇ ಕಳುಹಿಸುತ್ತವೆ, ಹೇಳಿದರೂ ಕೇಳಿಸಿಕೊಳ್ಳದ ಟಿವಿಗಳೂ ಇವೆ. ಆಗ ಉಳಿಯುವುದು ಮಾನಕದ ಹಿಂದಿರುವ ಹಳೆಯ ವಿಂಗಡಣೆ: 720ಪಿ, 1080ಐ, 1080ಪಿ ಇವು ಟಿವಿಯ ಅಳತೆಗಳು, ಇವುಗಳ ಅಂಚು ಕತ್ತರಿಸುವುದು ವಾಡಿಕೆ, ಕಂಪ್ಯೂಟರಿನ ಅಳತೆಗಳಾದರೆ ಪೂರ್ತಿ ತೋರಿಸಬೇಕು. ಈಗಿನ ಲ್ಯಾಪ್‌ಟಾಪ್ ಕಳುಹಿಸುವುದೂ 1080ಪಿ ಚಿತ್ರವನ್ನೇ ಆದ್ದರಿಂದ ಟಿವಿ ಅದನ್ನು ಪ್ರಸಾರದ ಕಾರ್ಯಕ್ರಮವೆಂದೇ ಬಗೆದು ಕತ್ತರಿ ಹಾಕುತ್ತದೆ.

ಕಂಪ್ಯೂಟರ್ ಕಡೆಯವರು ಇದಕ್ಕೆ ಕಂಡುಕೊಂಡ ಉಪಾಯ ರೋಗಕ್ಕಿಂತ ವಿಚಿತ್ರವಾಗಿತ್ತು. ಎಎಂಡಿ ಕಂಪನಿಯ ಗ್ರಾಫಿಕ್ಸ್ ತಂತ್ರಾಂಶ ಹಲವು ವರ್ಷಗಳ ಕಾಲ ಎಚ್‌ಡಿಎಂಐನಲ್ಲಿ ಟಿವಿ ಕಂಡೊಡನೆ ಚಿತ್ರವನ್ನು ತಾನೇ ಮೊದಲು ಕುಗ್ಗಿಸಿ, ಸುತ್ತ ಕಪ್ಪು ಅಂಚು ಸೇರಿಸಿ ಕಳುಹಿಸುತ್ತಿತ್ತು. ಟಿವಿ ಹಿಗ್ಗಿಸಿದಾಗ ಕಪ್ಪಷ್ಟೇ ಹೊರಗೆ ಹೋಗಲಿ ಎಂಬುದು ಲೆಕ್ಕ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಇಂಥದೇ ಕಪ್ಪು ಅಂಚಿನ ವ್ಯವಸ್ಥೆಯಿದ್ದು, ಅದನ್ನು ಸಂರಚನಾ ಕಡತದಲ್ಲಿ ಕೈಯಾರೆ ತೆಗೆಯಬೇಕಾಗಿತ್ತು. ಓವರ್‌ಸ್ಕ್ಯಾನ್ ಇಲ್ಲದ ಟಿವಿಗೆ ಜೋಡಿಸಿದವರಿಗೆ ಇದರಿಂದ ಕಾರಣವೇ ತಿಳಿಯದೆ ಸುತ್ತ ಕಪ್ಪು ಚೌಕಟ್ಟು ಕಾಣುತ್ತಿತ್ತು. ಓವರ್‌ಸ್ಕ್ಯಾನ್ ಇರುವ ಟಿವಿಯಲ್ಲಿ ಅಂಚುಗಳು ಕಂಡವು ನಿಜ, ಆದರೆ ಚಿತ್ರ ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗಿ, ಎರಡು ಸಲ ಪಿಕ್ಸೆಲ್ ಬೆರಕೆಗೆ ಒಳಗಾಗಿ, ಅಕ್ಷರಗಳು ಮೊದಲಿಗಿಂತ ಮಬ್ಬಾದವು. ಪ್ಲೇಸ್ಟೇಷನ್ 4ರಂಥ ಗೇಮ್ ಸಾಧನಗಳಲ್ಲಿ ಚಿತ್ರದ ವ್ಯಾಪ್ತಿ ಹೊಂದಿಸುವ ಪರದೆಯೊಂದನ್ನು ಕೊಟ್ಟಿರುವುದೂ ಇದೇ ಕಾರಣಕ್ಕೆ.

ಭಾರತದ ಮಟ್ಟಿಗೆ ಇನ್ನೊಂದು ಪದರವಿದೆ. ಕೇಬಲ್ ಟಿವಿಯ ಕಡ್ಡಾಯ ಡಿಜಿಟಲೀಕರಣ 2012ರ ಅಕ್ಟೋಬರ್ ಕೊನೆಯ ಗಡುವಿನೊಂದಿಗೆ ಮಹಾನಗರಗಳಲ್ಲಿ ಶುರುವಾಗಿ, ಬೆಂಗಳೂರು ಮತ್ತು ಮೈಸೂರು ಸೇರಿದ್ದ ಎರಡನೆಯ ಹಂತಕ್ಕೆ 2013ರ ಮಾರ್ಚ್ ಗಡುವಾಗಿ, 2017ರ ಮಾರ್ಚ್ ಗಡುವಿನ ಕೊನೆಯ ಹಂತದ ತನಕ ಸಾಗಿತು. ಮನೆಮನೆಗೆ ಸೆಟ್ ಟಾಪ್ ಬಾಕ್ಸ್ ಬಂತು. ಆದರೆ ಬಾಕ್ಸಿನಿಂದ ಟಿವಿಗೆ ಹೋಗುವ ತಂತಿ ಬಹಳ ಮನೆಗಳಲ್ಲಿ ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ಕೇಬಲ್ಲಾಗಿಯೇ ಉಳಿಯಿತು. ಊರಾಚೆಯಿಂದ ಡಿಜಿಟಲ್ ಆಗಿ ಬಂದ ಚಿತ್ರ ಕೊನೆಯ ಒಂದು ಮೀಟರಿನಲ್ಲಿ ಮತ್ತೆ ಅನಲಾಗ್ ಆಗುತ್ತದೆ, ಟಿವಿ ಅದನ್ನು ಮತ್ತೆ ಡಿಜಿಟಲ್ ಮಾಡಿಕೊಳ್ಳುತ್ತದೆ. ಎಲ್ಲಿಂದ ಎಲ್ಲಿಗೆ ಚಿತ್ರ ಎಂಬುದು ಖಚಿತವಿಲ್ಲದ ಆ ಒಳಹರಿವಿಗೆ (ಇನ್‌ಪುಟ್) ಟಿವಿ ಓವರ್‌ಸ್ಕ್ಯಾನ್ ಹಾಕಿದರೆ ತಪ್ಪೆನ್ನಲಾಗದು. ಸಮಸ್ಯೆಯೆಂದರೆ ಇದೇ ಔಷಧವನ್ನು ಎಚ್‌ಡಿಎಂಐ ಒಳಹರಿವಿಗೂ ಕುಡಿಸುವುದು.

ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾದ 32 ಇಂಚಿನ ಟಿವಿಗಳಲ್ಲಿ ಬಹಳಷ್ಟರ ಪ್ಯಾನೆಲ್ 1366×768 ಅಳತೆಯದು. ಇವಕ್ಕೆ 720ಪಿ ಬಂದರೂ 1080ಪಿ ಬಂದರೂ ಅಳತೆ ಹೊಂದುವುದಿಲ್ಲ. ಹಿಗ್ಗಿಸುವುದೋ ಕುಗ್ಗಿಸುವುದೋ ಹೇಗೂ ತಪ್ಪಿದ್ದಲ್ಲ. ಆದ್ದರಿಂದ ಇಲ್ಲಿ ಓವರ್‌ಸ್ಕ್ಯಾನ್ ತೆಗೆದರೆ ಅಂಚುಗಳು ಮರಳಿ ಬರುತ್ತವೆಯೇ ಹೊರತು ಅಕ್ಷರಗಳು ಕೊರೆದಂತೆ ಚೂಪಾಗುವುದಿಲ್ಲ.

ಓವರ್‌ಸ್ಕ್ಯಾನನ್ನು ಚಿತ್ರದ ಆಕಾರದ ಆಯ್ಕೆಗಳೊಂದಿಗೆ ಕಲಸಿಕೊಳ್ಳುವುದೂ ಸಾಮಾನ್ಯ. ಹಳೆಯ 4:3 ಕಾರ್ಯಕ್ರಮವನ್ನು ಅಡ್ಡಕ್ಕೆ ಎಳೆದು ಮುಖಗಳನ್ನೆಲ್ಲ ದಪ್ಪ ಮಾಡುವುದು ಬೇರೆ. ಝೂಮ್ ಎಂಬ ಆಯ್ಕೆ ಮೇಲೆ ಕೆಳಗೆ ದೊಡ್ಡ ಭಾಗವನ್ನು ಕತ್ತರಿಸುವುದು ಬೇರೆ. ರಿಮೋಟಿನಲ್ಲಿ 16:9 ಎಂದು ಆರಿಸಿಟ್ಟಿದ್ದೇವೆ, ಆದ್ದರಿಂದ ಚಿತ್ರ ಪೂರ್ತಿ ಬರುತ್ತಿದೆ ಎಂದು ನಂಬುವವರೇ ಹೆಚ್ಚು. 16:9 ಆಕಾರವನ್ನು ಹಾಗೆಯೇ ಉಳಿಸಿಕೊಂಡೇ ನಾಲ್ಕೂ ಅಂಚುಗಳನ್ನು ಸಮವಾಗಿ ಕತ್ತರಿಸುವುದು ಓವರ್‌ಸ್ಕ್ಯಾನಿನ ಲಕ್ಷಣವಾದ್ದರಿಂದ ಅದು ಕಣ್ಣಿಗೆ ಸಿಗದೆ ಜಾರಿಕೊಳ್ಳುತ್ತದೆ.

ಅದನ್ನು ನಿಲ್ಲಿಸುವ ಆಯ್ಕೆ ಬಹುತೇಕ ಟಿವಿಗಳಲ್ಲಿ ಇದೆ, ಆದರೆ ಒಂದೊಂದು ಕಂಪನಿಯದು ಒಂದೊಂದು ಹೆಸರು. ಎಲ್‌ಜಿಯಲ್ಲಿ ಅದು ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್ ಟಿವಿಗಳಲ್ಲಿ ಸ್ಕ್ರೀನ್ ಫಿಟ್ ಅಥವಾ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಚಿತ್ರದ ವ್ಯಾಪ್ತಿಯ ಕೆಳಗೆ ಫುಲ್ ಪಿಕ್ಸೆಲ್, ಶಾರ್ಪ್‌ನಲ್ಲಿ ಡಾಟ್ ಬೈ ಡಾಟ್, ಫಿಲಿಪ್ಸ್‌ನಲ್ಲಿ ಅನ್‌ಸ್ಕೇಲ್ಡ್, ಪ್ಯಾನಾಸೋನಿಕ್‌ನಲ್ಲಿ ಮಾತ್ರ ಮುಚ್ಚುಮರೆಯಿಲ್ಲದೆ 16:9 ಓವರ್‌ಸ್ಕ್ಯಾನ್ ಎಂದೇ ಬರೆದಿರುತ್ತದೆ. ಪರಿಹಾರದ ಹೆಸರನ್ನೇ ಊಹಿಸಬೇಕಾದ ಈ ಸ್ಥಿತಿಯಲ್ಲಿ ಸಾಮಾನ್ಯ ಬಳಕೆದಾರ ಮೆನುವಿನಲ್ಲಿ ಕಳೆದುಹೋದರೆ ಅವನನ್ನು ದೂರುವಂತಿಲ್ಲ. ಎಷ್ಟೋ ಟಿವಿಗಳು ಈ ಹೊಂದಾಣಿಕೆಯನ್ನು ಪ್ರತಿ ಒಳಹರಿವಿಗೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುವುದರಿಂದ, ಲ್ಯಾಪ್‌ಟಾಪಿಗೆ ಸರಿಮಾಡಿದ ಮೇಲೂ ಸೆಟ್ ಟಾಪ್ ಬಾಕ್ಸಿನ ಚಿತ್ರ ಕತ್ತರಿಸಿಕೊಂಡೇ ಬರುತ್ತಿರಬಹುದು. ಎಚ್‌ಡಿಎಂಐ ಒಳಹರಿವಿನ ಹೆಸರನ್ನು ಪಿಸಿ ಎಂದು ಬದಲಿಸಿದೊಡನೆ ಓವರ್‌ಸ್ಕ್ಯಾನ್ ನಿಲ್ಲುವ ಟಿವಿಗಳೂ ಇವೆ. ಹೆಸರು ಬದಲಿಸುವುದು ಬರಿಯ ಅಲಂಕಾರವೆಂದು ತೋರುತ್ತದೆ, ಆದರೆ ಟಿವಿ ಅದನ್ನು ಸಂಸ್ಕರಣೆಯನ್ನೆಲ್ಲ ಕಡಿಮೆ ಮಾಡುವ ಸೂಚನೆಯಾಗಿ ಓದುತ್ತದೆ. ಬಣ್ಣದ ಅಕ್ಷರಗಳ ಅಂಚು ಕಲಸಿಹೋಗುವ ಬೇರೊಂದು ತೊಂದರೆಯೂ ಕೆಲವೊಮ್ಮೆ ಇದರಿಂದಲೇ ಸರಿಹೋಗುತ್ತದೆ. ಯಾವ ಆಯ್ಕೆಯೂ ಇಲ್ಲದ ಅಗ್ಗದ ಟಿವಿಗಳಲ್ಲಿ ಮಾತ್ರ ಮೂಲ ಸಾಧನದಲ್ಲೇ ಚಿತ್ರವನ್ನು ಕುಗ್ಗಿಸುವ ದಾರಿ ಹಿಡಿಯಬೇಕು. ಸರ್ವಿಸ್ ಮೆನುವಿಗೆ ಕೈಹಾಕುವುದು ಬೇಡ. ಅಲ್ಲಿ ತಪ್ಪಿದರೆ ಟಿವಿಯನ್ನು ಮತ್ತೆ ದಾರಿಗೆ ತರುವುದು ಕಷ್ಟ.

ಇದು ಹೀಗೆಯೇ ಇರಬೇಕಾಗಿಲ್ಲ. ಯುರೋಪಿನಲ್ಲಿ 2007ರಲ್ಲಿ ಬಂದ ಎಚ್‌ಡಿ ರೆಡಿ 1080ಪಿ ಎಂಬ ಗುರುತನ್ನು ಟಿವಿಯ ಮೇಲೆ ಹಾಕಿಕೊಳ್ಳಬೇಕಾದರೆ ಎಚ್‌ಡಿ ಚಿತ್ರವನ್ನು ಅಂಚು ಕತ್ತರಿಸದೆ, ಪಿಕ್ಸೆಲ್ಲಿಗೆ ಪಿಕ್ಸೆಲ್ ಎಂಬಂತೆ ತೋರಿಸುವ ಸಾಮರ್ಥ್ಯ ಇರಬೇಕೆಂಬ ನಿಬಂಧನೆಯಿತ್ತು. ಸಾಮರ್ಥ್ಯ ಇರಬೇಕು ಎಂಬುದು ಒಳ್ಳೆಯದೇ; ಆದರೆ ಡಬ್ಬಿಯಿಂದ ತೆಗೆದಾಗಲೇ ಟಿವಿ ಹಾಗೆ ನಡೆದುಕೊಳ್ಳಬೇಕು ಎನ್ನುವುದು ಬೇರೆಯೇ ಮಾತು, ಮತ್ತು ಬಹುಪಾಲು ಮಂದಿ ಡಬ್ಬಿಯಿಂದ ಬಂದ ಹೊಂದಾಣಿಕೆಯನ್ನು ಎಂದೂ ಮುಟ್ಟುವುದಿಲ್ಲ. ಎಚ್‌ಡಿಎಂಐ ಮೂಲಕ ಬರುವ 1080 ಗೆರೆಗಳ ಮತ್ತು ಅದಕ್ಕೂ ಮೇಲಿನ ಚಿತ್ರಗಳಿಗೆ ಓವರ್‌ಸ್ಕ್ಯಾನ್ ಮೊದಲಿನಿಂದಲೇ ನಿಂತಿರಬೇಕು, ಎವಿ ಕೇಬಲ್ ಮತ್ತು ಎಸ್‌ಡಿ ಪ್ರಸಾರಕ್ಕೆ ಮಾತ್ರ ಇರಬೇಕು, ಹಳೆಯ ದೃಶ್ಯಗಳ ಅಂಚಿನ ಕಸವನ್ನು ಪ್ರಸಾರಕ್ಕೆ ಮುನ್ನ ವಾಹಿನಿಯವರೇ ಮುಚ್ಚಬೇಕು. ಇದರಲ್ಲಿ ತಾಂತ್ರಿಕವಾಗಿ ಕಠಿಣವಾದದ್ದು ಏನೂ ಇಲ್ಲ. 4ಕೆ ಟಿವಿಗಳಲ್ಲಿ 4ಕೆ ಚಿತ್ರಕ್ಕೆ ಕತ್ತರಿ ಹಾಕುವುದು ಸಾಮಾನ್ಯವಾಗಿ ನಿಂತಿದೆ ಎಂಬುದೇ ಇದಕ್ಕೆ ಸಾಕ್ಷಿ. ಆದರೂ ಆಂಡ್ರಾಯ್ಡ್ ಟಿವಿಗೆ ಆ್ಯಪ್ ಬರೆಯುವವರಿಗೆ ಗೂಗಲ್ ಕೊಟ್ಟ ಮಾರ್ಗಸೂಚಿ 960×540 ಅಳತೆಯ ವಿನ್ಯಾಸದಲ್ಲಿ ಎಡಬಲಗಳಲ್ಲಿ 48, ಮೇಲೆ ಕೆಳಗೆ 27, ಅಂದರೆ ಪ್ರತಿ ಅಂಚಿನಲ್ಲಿ ಶೇ. 5ರಷ್ಟು ಜಾಗ ಬಿಡಲು ಹೇಳುತ್ತದೆ. ಕತ್ತರಿಸುವ ಟಿವಿಗಳು ಇನ್ನೂ ಮನೆಗಳಲ್ಲಿರುವ ತನಕ ಆ ಜಾಗ ಖಾಲಿಯೇ ಇರುತ್ತದೆ.

ಹೊಸ ಟಿವಿ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. 1920×1080 ಅಳತೆಯ ಬಿಳಿಯ ಚಿತ್ರವೊಂದರ ನಾಲ್ಕೂ ಅಂಚಿಗೆ ಒಂದೇ ಪಿಕ್ಸೆಲ್ ದಪ್ಪದ ಕೆಂಪು ಗೆರೆ ಎಳೆದು, ಲ್ಯಾಪ್‌ಟಾಪಿನಲ್ಲಿ ಪರದೆಯ ತುಂಬ ತೆರೆದು, ಎಚ್‌ಡಿಎಂಐ ಮೂಲಕ ಟಿವಿಗೆ ಕೊಟ್ಟರೆ ಸಾಕು. ನಾಲ್ಕೂ ಗೆರೆಗಳು ಕಂಡರೆ ಅಂಚು ಉಳಿದಿದೆ ಎಂದರ್ಥ. ಅದೇ ಚಿತ್ರವನ್ನು ಪೆನ್ ಡ್ರೈವಿನಲ್ಲಿ ಒಯ್ದು ಟಿವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ನೋಡುವುದರಿಂದ ಪ್ರಯೋಜನವಿಲ್ಲ. ಆಗ ಚಿತ್ರವನ್ನು ತೆರೆಯುವುದು ಟಿವಿಯ ಒಳಗಿನ ತಂತ್ರಾಂಶವೇ ಆಗಿರುವುದರಿಂದ, ಎಚ್‌ಡಿಎಂಐ ಚಿತ್ರಕ್ಕೆ ಕತ್ತರಿ ಹಾಕುವ ಟಿವಿಯೂ ಅದನ್ನು ಪೂರ್ತಿಯಾಗಿ ತೋರಿಸಿಬಿಡಬಹುದು.